ಬೌನ್ ಬೀದಿಯ ಹಳೆಯ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಈ ಸಲ ಹೋದಾಗ ಫ್ಲಶಿಂಗ್ ಗಣೇಶನ ದೇವಸ್ಥಾನಕ್ಕೆ ಹೋಗುವುದೆಂದು ಗೊತ್ತಾಗಿದೆ. ಅದೇ ಬೀದಿಯಲ್ಲಿ ಮೂರೂವರೆ ಶತಮಾನ ಹಳೆಯದೊಂದು ಮನೆ ಇದೆ, ಧಾರ್ಮಿಕ ಸ್ವಾತಂತ್ರ್ಯಕ್ಕೂ ಅದಕ್ಕೂ ಸಂಬಂಧ ಇದೆ ಎಂದು ಕೇಳಿದೆವು. ಯಾವ ಮನೆ, ಏನು ಕಥೆ?
— ಓದುಗ ದಂಪತಿ, ಮೈಸೂರು

ಅದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಜಾನ್ ಬೌನ್ ಮನೆ. ದೇವಸ್ಥಾನ ಇರುವ ಬೌನ್ ಸ್ಟ್ರೀಟಿಗೆ ಹೆಸರು ಬಂದದ್ದೇ ಆ ಮನೆತನದಿಂದ. ಮನೆಯ ಅತಿ ಹಳೆಯ ಭಾಗ 1661ರ ಸುಮಾರಿನದು.

ನ್ಯೂಯಾರ್ಕ್ ಆಗ ಡಚ್ಚರ ಕೈಯಲ್ಲಿತ್ತು, ಹೆಸರು ನ್ಯೂ ಆಮ್‌ಸ್ಟರ್‌ಡ್ಯಾಮ್. ಫ್ಲಶಿಂಗ್ ಊರಿನ ಡಚ್ ಹೆಸರು ವ್ಲಿಸ್ಸಿಂಗೆನ್. ಅಲ್ಲಿ ನೆಲೆಸಿದವರು ಹೆಚ್ಚಾಗಿ ಇಂಗ್ಲಿಷರು. 1645ರಲ್ಲಿ ಡಚ್ ಆಡಳಿತ ಕೊಟ್ಟ ಸನದಿನಲ್ಲೇ, ಹಾಲೆಂಡಿನ ಪದ್ಧತಿಯಂತೆ ಅವರವರ ಮನಸ್ಸಾಕ್ಷಿಯ ಪ್ರಕಾರ ನಡೆದುಕೊಳ್ಳಬಹುದು, ಅದಕ್ಕೆ ಯಾರ ಕಿರುಕುಳವೂ ಇರಬಾರದು ಎಂದು ಬರೆದಿತ್ತು. ಆಮೇಲೆ ಬಂದ ಗವರ್ನರ್ ಪೀಟರ್ ಸ್ಟೈವೆಸೆಂಟ್ ಡಚ್ ರಿಫಾರ್ಮ್ಡ್ ಚರ್ಚನ್ನು ಬಿಟ್ಟು ಬೇರೆ ಯಾವ ಪ್ರಾರ್ಥನಾ ಕೂಟವನ್ನೂ ಸಹಿಸಲಿಲ್ಲ. ಪುರೋಹಿತರಿಲ್ಲದೆ ಮೌನವಾಗಿ ಕೂತು ಪ್ರಾರ್ಥಿಸುವ ಕ್ವೇಕರ್ ಪಂಥದವರ ಮೇಲಂತೂ ಅವನಿಗೆ ಇನ್ನಿಲ್ಲದ ಕೋಪ. ಕ್ವೇಕರನೊಬ್ಬನನ್ನು ಒಂದು ರಾತ್ರಿ ಮನೆಯಲ್ಲಿ ಇಟ್ಟುಕೊಂಡರೂ 50 ಪೌಂಡ್ ದಂಡ ಎಂಬ ಕಟ್ಟಳೆ ತಂದ.

ಜಾನ್ ಬೌನ್ ಇಂಗ್ಲೆಂಡಿನ ಡಾರ್ಬಿಶೈರಿನಿಂದ ಬಂದ ರೈತ. ಕ್ವೇಕರರ ಕಡೆಗೆ ಮೊದಲು ಹೋದವಳು ಅವನ ಹೆಂಡತಿ ಹ್ಯಾನ್ನಾ, ಅವಳ ಹಿಂದೆ ಅವನು. ಕಾಡಿನಲ್ಲಿ ಕದ್ದು ಸೇರುತ್ತಿದ್ದವರಿಗೆ ಇವರು ಮನೆಯ ಬಾಗಿಲು ತೆರೆದರು. 1662ರ ಸೆಪ್ಟೆಂಬರಿನಲ್ಲಿ ಬೌನ್‌ನ ಬಂಧನವಾಯಿತು. ದಂಡ ಕಟ್ಟು ಎಂದರೆ ಒಲ್ಲೆ ಎಂದ. ತಿಂಗಳುಗಟ್ಟಲೆ ಸೆರೆಯಲ್ಲಿಟ್ಟರೂ ಬಗ್ಗಲಿಲ್ಲ. 1663ರ ಜನವರಿಯಲ್ಲಿ ಹಡಗು ಹತ್ತಿಸಿ ಗಡೀಪಾರು ಮಾಡಿದರು. ಅವನನ್ನು ಇಳಿಸಿದ್ದು ಐರ್ಲೆಂಡಿನಲ್ಲಿ. ಅಲ್ಲಿಂದ ತಾನಾಗಿಯೇ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ, ವಸಾಹತಿನ ಒಡೆಯನಾದ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಮುಂದೆ ಅಹವಾಲು ಇಟ್ಟ. ಕಂಪನಿಯವರು ಅದೇ ಏಪ್ರಿಲ್ 16ರಂದು ಸ್ಟೈವೆಸೆಂಟ್‌ಗೆ ಪತ್ರ ಬರೆದು, ಜನರ ಮನಸ್ಸಾಕ್ಷಿಯನ್ನು ಬಲವಂತಪಡಿಸಬೇಡ ಎಂದರು. ಬೌನ್ ಮನೆ ಸೇರಿದ್ದು 1664ರ ಮೊದಲಲ್ಲಿ. ಒಂದೂವರೆ ವರ್ಷದ ಹತ್ತಿರ ಹ್ಯಾನ್ನಾ ಮಕ್ಕಳನ್ನು, ಹೊಲವನ್ನು ನೋಡಿಕೊಂಡು ಇದೇ ಮನೆಯಲ್ಲಿದ್ದಳು. ಮನೆ ನೋಡುವಾಗ ಅವಳನ್ನೂ ನೆನೆಯಬೇಕು.

ಪ್ರಸಿದ್ಧವಾದ 'ಫ್ಲಶಿಂಗ್ ರಿಮಾನ್‌ಸ್ಟ್ರನ್ಸ್' ಅರ್ಜಿಗೆ ಸಹಿ ಬಿದ್ದದ್ದು ಈ ಮನೆಯಲ್ಲೇ ಅಲ್ಲವೇ?
— ಇತಿಹಾಸ ಉಪನ್ಯಾಸಕರು, ತುಮಕೂರು

ಅಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. ಕ್ವೇಕರರ ಮೇಲಿನ ಕಟ್ಟಳೆಯನ್ನು ಒಪ್ಪಲಾರೆವು ಎಂದು ಊರಿನವರು ಸ್ಟೈವೆಸೆಂಟ್‌ಗೆ ಬರೆದ ಆ ಅರ್ಜಿಯ ತಾರೀಖು 1657ರ ಡಿಸೆಂಬರ್ 27. ಆಗಿನ್ನೂ ಈ ಮನೆಯೇ ಎದ್ದಿರಲಿಲ್ಲ. ಸಹಿ ಮಾಡಿದ 30 ಜನರಲ್ಲಿ ಬೌನ್ ಇಲ್ಲ. ಅರ್ಜಿ ಬರೆದವನು ಊರಿನ ಗುಮಾಸ್ತ ಎಡ್ವರ್ಡ್ ಹಾರ್ಟ್, ಅದನ್ನು ಒಯ್ದು ಗವರ್ನರನ ಕೈಗೆ ಕೊಟ್ಟವನು ಊರ ಅಧಿಕಾರಿ ಟೋಬಿಯಾಸ್ ಫೀಕ್. ಇಬ್ಬರನ್ನೂ ಹಿಡಿದು ಒಳಗೆ ಹಾಕಿದರು.

ಈ ಅರ್ಜಿಯ ದೊಡ್ಡತನ ಎಲ್ಲಿದೆ ಗೊತ್ತೇ? ಸಹಿ ಮಾಡಿದವರು ಕ್ವೇಕರರಾಗಿರಲಿಲ್ಲ. ತಮ್ಮದಲ್ಲದ ನಂಬಿಕೆಗಾಗಿ ತಮ್ಮ ಹೆಸರು ಬರೆದುಕೊಟ್ಟರು. ಪ್ರೀತಿ, ಶಾಂತಿ, ಸ್ವಾತಂತ್ರ್ಯದ ನಿಯಮ ಯಹೂದಿಗಳಿಗೂ ತುರ್ಕರಿಗೂ ಈಜಿಪ್ಟಿನವರಿಗೂ ಸಲ್ಲುತ್ತದೆ, ಅವರೂ ಆದಮನ ಮಕ್ಕಳೇ ಎಂಬ ಮಾತು ಅದರಲ್ಲಿದೆ. ಆ ಕಾಲದ ಪ್ರತಿ ಇರುವುದು ಆಲ್ಬನಿಯ ರಾಜ್ಯ ಪತ್ರಾಗಾರದಲ್ಲಿ. 1911ರ ಬೆಂಕಿ ಅನಾಹುತದಲ್ಲಿ ಅದರ ಅಂಚು ಸುಟ್ಟಿದೆ. ಆದ್ದರಿಂದ ಮೂಲ ಕಾಗದ ನೋಡುವ ಆಸೆಯಿಂದ ಮನೆಗೆ ಹೋದರೆ ನಿರಾಶೆಯಾದೀತು. 1657ರ ಅರ್ಜಿ, 1661ರ ಮನೆ, 1662ರ ಬಂಧನ, 1663ರ ಪತ್ರ: ಈ ಸರಣಿ ತಲೆಯಲ್ಲಿದ್ದರೆ ಗೈಡ್ ಹೇಳುವುದೆಲ್ಲ ತಾನಾಗಿ ಜಾಗಕ್ಕೆ ಕೂರುತ್ತದೆ.

ಹೋಗುವುದು ಹೇಗೆ? ಜೊತೆಯಲ್ಲಿ ಮಂಡಿನೋವಿನ ಅತ್ತೆಯವರಿದ್ದಾರೆ.
— ಗೃಹಿಣಿ, ಎಡಿಸನ್, ನ್ಯೂಜೆರ್ಸಿ

ಎಡಿಸನ್ನಿಂದ ನ್ಯೂಜೆರ್ಸಿ ಟ್ರಾನ್ಸಿಟ್ ರೈಲಿನಲ್ಲಿ ನ್ಯೂಯಾರ್ಕ್ ಪೆನ್ ಸ್ಟೇಷನ್. ಅಲ್ಲೇ ಇಳಿದು, ಅದೇ ನಿಲ್ದಾಣದಿಂದ ಲಾಂಗ್ ಐಲೆಂಡ್ ರೈಲ್ ರೋಡಿನ ಪೋರ್ಟ್ ವಾಷಿಂಗ್ಟನ್ ಮಾರ್ಗದ ಗಾಡಿ ಹಿಡಿಯಿರಿ. ಫ್ಲಶಿಂಗ್–ಮೇನ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿಯಬೇಕು. ಟಿಕೆಟ್ ಹತ್ತುವ ಮೊದಲೇ ಕೊಳ್ಳಿ, ಗಾಡಿಯೊಳಗೆ ಕೊಂಡರೆ ಹೆಚ್ಚು ಕೊಡಬೇಕು. ಜಮೈಕಾ ಕಡೆಗೆ ಹೋಗುವ ಗಾಡಿ ಹತ್ತಿದರೆ ಕೆಟ್ಟಿತು. ಪೋರ್ಟ್ ವಾಷಿಂಗ್ಟನ್ ಮಾರ್ಗ ಒಂದೇ ಜಮೈಕಾ ಮುಟ್ಟದೆ ಹೋಗುವುದು. ಮ್ಯಾನ್‌ಹಟನ್ನಿನಲ್ಲೇ ಇರುವವರಿಗೆ 7 ನಂಬರಿನ ಸಬ್‌ವೇ ಸುಲಭ. ಟೈಮ್ಸ್ ಸ್ಕ್ವೇರ್ ಅಥವಾ ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಹತ್ತಿ, ಕೊನೆಯ ನಿಲ್ದಾಣದವರೆಗೆ ಕೂತರಾಯಿತು. ಸಬ್‌ವೇಗೆ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ತಾಗಿಸಿದರೆ ಸಾಕು. ಶನಿವಾರ, ಭಾನುವಾರ ಹಳಿ ರಿಪೇರಿ ನಡೆಯುವುದುಂಟು, ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಮೇನ್ ಸ್ಟ್ರೀಟಿನಿಂದ ರೂಸ್‌ವೆಲ್ಟ್ ಅವೆನ್ಯೂ ಹಿಡಿದು ಪೂರ್ವಕ್ಕೆ ನಡೆಯಿರಿ. ಮೊದಲು ಯೂನಿಯನ್ ಸ್ಟ್ರೀಟ್ ಬರುತ್ತದೆ, ಆಮೇಲೆ ಬೌನ್ ಸ್ಟ್ರೀಟ್. ಮೂಲೆಯಲ್ಲಿ ಇಟ್ಟಿಗೆಯ ಹಳೆಯ ಚರ್ಚ್ ಇದೆ, ಗುರುತು ತಪ್ಪುವುದಿಲ್ಲ. ಎಡಕ್ಕೆ ತಿರುಗಿದರೆ ಬೌನ್ ಮನೆ, ಬಲಕ್ಕೆ ತಿರುಗಿದರೆ ದೇವಸ್ಥಾನ. ನಿಲ್ದಾಣದಿಂದ ಮನೆಗೆ ಹತ್ತು ಹನ್ನೆರಡು ನಿಮಿಷ. ಮನೆಯಿಂದ ದೇವಸ್ಥಾನಕ್ಕೆ ಒಂದೂವರೆ ಕಿಲೋಮೀಟರಿನ ಆಸುಪಾಸು, ಅತ್ತೆಯವರಿಗೆ ಕಾರು ಮಾಡಿಕೊಳ್ಳುವುದೇ ಸರಿ.

ಫೋನಿನ ಮ್ಯಾಪಿನಲ್ಲಿ ಬರೀ 'ಬೌನ್' ಎಂದು ಹಾಕಬೇಡಿ. ಬೌನ್ ಪಾರ್ಕ್ ಬೇರೆ ಕಡೆ ಇದೆ, ಜಾನ್ ಬೌನ್ ಹೈಸ್ಕೂಲು ಮೇನ್ ಸ್ಟ್ರೀಟಿನಲ್ಲಿ ದಕ್ಷಿಣಕ್ಕೆ ಬಹಳ ದೂರ ಇದೆ. '37-01 ಬೌನ್ ಸ್ಟ್ರೀಟ್' ಎಂದು ಗೀಟು ಸಮೇತ ಬರೆಯಿರಿ. ಕ್ವೀನ್ಸ್ ಭಾಗದ ಮನೆ ನಂಬರಿನ ಗುಟ್ಟು ಆ ಗೀಟಿನಲ್ಲಿದೆ: ಮೊದಲ ಅಂಕೆ ಹತ್ತಿರದ ಅಡ್ಡರಸ್ತೆಯದು, ಎರಡನೆಯದು ಕಟ್ಟಡದ್ದು. 37-01 ಎಂದರೆ 37ನೇ ಅವೆನ್ಯೂ ಪಕ್ಕ. ದೇವಸ್ಥಾನದ್ದು 45-57, ಅಂದರೆ 45ನೇ ಅವೆನ್ಯೂ ಹತ್ತಿರ.

ಇನ್ನೊಂದು ಮಾತು. ಈಗ ಮ್ಯೂಸಿಯಂ ಆಗಿರುವ ಬೌನ್ ಮನೆ ದಿನವಿಡೀ ತೆರೆದಿರುವ ಜಾಗವಲ್ಲ. ನಿಗದಿಯಾದ ದಿನ, ನಿಗದಿಯಾದ ಹೊತ್ತಿಗೆ ಗೈಡ್ ಜೊತೆಯಲ್ಲೇ ಒಳಗೆ ಬಿಡುತ್ತಾರೆ. ಮೊದಲೇ ಬರೆದು ಅಥವಾ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡೇ ಹೊರಡಿ. ಅತ್ತೆಯವರಿಗೆ ಮೆಟ್ಟಿಲು ಹತ್ತಲಾಗದು ಎಂದು ಆಗಲೇ ತಿಳಿಸಿ. ಶೌಚಾಲಯದ ಅಗತ್ಯವಿದ್ದರೆ ಮೇನ್ ಸ್ಟ್ರೀಟಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮುಗಿಸಿಕೊಂಡು ಬರುವುದು ಅನುಕೂಲ.

ಒಳಗೆ ನೋಡುವಂಥದ್ದು ಏನಿದೆ? ಹೊರಗಿನ ಫೋಟೊ ನೋಡಿದರೆ ಸಾಧಾರಣ ಮರದ ಮನೆ.
— ವಾಸ್ತುಶಿಲ್ಪ ವಿದ್ಯಾರ್ಥಿನಿ, ಹುಬ್ಬಳ್ಳಿ

ಸಾಧಾರಣವಾಗಿರುವುದೇ ಅದರ ಬೆಲೆ. ಇದು ಅರಮನೆಯಲ್ಲ, ರೈತನ ಮನೆ. ದಪ್ಪ ಮರದ ಕಂಬ, ತೊಲೆಗಳ ಚೌಕಟ್ಟು, ಹೊರಗೋಡೆಗೆ ಮೀನಿನ ಪೊರೆಯಂತೆ ಒಂದರ ಮೇಲೊಂದು ಹೊದಿಸಿದ ಮರದ ಬಿಲ್ಲೆಗಳು. ಒಂದೇ ವಂಶದ ಒಂಬತ್ತು ತಲೆಮಾರು ಇಲ್ಲಿ ಬಾಳಿದವು. ಪ್ರತಿ ತಲೆಮಾರೂ ಒಂದಿಷ್ಟು ಸೇರಿಸಿತು, ಒಂದಿಷ್ಟು ಎತ್ತರಿಸಿತು. ಹಾಗಾಗಿ ಕಣ್ಣಿಗೆ ಬೀಳುವುದೆಲ್ಲ 1661ರದಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಕಾಲಿಡುವಾಗ ಚಾವಣಿಯ ಎತ್ತರ ನೋಡಿ, 'ಇದು ಯಾವ ಕಾಲದ್ದು?' ಎಂದು ಗೈಡನ್ನು ಪ್ರತಿ ಕೋಣೆಯಲ್ಲೂ ಕೇಳಿ. ನಿಮ್ಮ ಓದಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅಡುಗೆಮನೆಯಲ್ಲಿ. ಕ್ವೇಕರರು ಸೇರುತ್ತಿದ್ದ ಜಾಗ ಅದೇ ಎಂಬುದು ಮನೆತನದಿಂದ ಬಂದ ಮಾತು. ಗೋಡೆಯೊಳಗೆ ಆಳು ಬಗ್ಗಿ ನಿಲ್ಲುವಷ್ಟು ದೊಡ್ಡ ಒಲೆ, ಅದರೊಳಗೆ ಜೇನುಗೂಡಿನಂತೆ ಗುಮ್ಮಟವಾದ ಬ್ರೆಡ್ ಗೂಡು. ನಮ್ಮೂರ ಹಳೆಯ ಅಯ್ಯಂಗಾರ್ ಬೇಕರಿಯ ಸೌದೆ ಭಟ್ಟಿ ನೋಡಿದವರಿಗೆ ಇದರ ಕೆಲಸ ತಕ್ಷಣ ತಿಳಿಯುತ್ತದೆ. ಸೌದೆಯನ್ನು ಗೂಡಿನ ಒಳಗೇ ಉರಿಸಿ ಇಟ್ಟಿಗೆ ಕಾಯಿಸುತ್ತಾರೆ. ಕೆಂಡ, ಬೂದಿ ಎಳೆದುಹಾಕಿ ನೆಲ ಗುಡಿಸಿ, ಉದ್ದ ಹಿಡಿಯ ಹಲಗೆಯಲ್ಲಿ ಹಿಟ್ಟಿನ ಉಂಡೆಗಳನ್ನು ಒಳಗೆ ತಳ್ಳಿ ಬಾಯಿ ಮುಚ್ಚುತ್ತಾರೆ. ಬೇಯಿಸುವುದು ಬೆಂಕಿಯಲ್ಲ, ಇಟ್ಟಿಗೆ ಹಿಡಿದಿಟ್ಟ ಕಾವು. ಮೊದಲ ಜೋರು ಕಾವಿಗೆ ಬ್ರೆಡ್, ಇಳಿದ ಕಾವಿಗೆ ಉಳಿದ ತಿನಿಸು. ಅಂಥ ಒಲೆಯ ಮುಂದೆ ಬೆಂಚುಗಳಲ್ಲಿ ಹತ್ತಾರು ಜನ ಸದ್ದಿಲ್ಲದೆ ಕೂತಿದ್ದರು. ಗವರ್ನರ್ ಹೆದರಿದ್ದು ಅದಕ್ಕೆ.

ಮನೆತನದ ಕಥೆ ಬೌನ್‌ನಿಗೇ ಮುಗಿಯಲಿಲ್ಲ. 19ನೇ ಶತಮಾನದಲ್ಲಿ ಇಲ್ಲಿದ್ದ ಪಾರ್ಸನ್ಸ್ ಕವಲು, ದಕ್ಷಿಣದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗೆ ನೆರವಾಯಿತು. ಅದರ ಬಗೆಗಿನ 1850ರ ಪತ್ರವೊಂದು ಉಳಿದಿದೆ. ಗಿಡಮರದ ನರ್ಸರಿ ಅವರ ಕಸುಬು. ದೇವಸ್ಥಾನದ ಕಡೆ ನಡೆಯುವಾಗ ಆಶ್, ಬೀಚ್, ಹಾಲಿ ಎಂದು ಮರಗಳ ಹೆಸರಿನ ಅಡ್ಡರಸ್ತೆಗಳು ಸಿಗುತ್ತವಲ್ಲ, ಅವು ಫ್ಲಶಿಂಗಿನ ಆ ನರ್ಸರಿ ಕಾಲದ ನೆನಪು. ಮನೆ 1945ರಲ್ಲಿ ಐತಿಹಾಸಿಕ ಸಂಘದ ಕೈಗೆ ಬಂತು, ಈಗ ನ್ಯೂಯಾರ್ಕ್ ನಗರದ ಸ್ವತ್ತು.

ಒಳಗೆ ಫೋಟೊ ತೆಗೆಯಬಹುದೇ?
— ಓದುಗರು, ಹಾಸನ

ಗೈಡನ್ನು ಕೇಳಿ ತೆಗೆಯಿರಿ, ಫ್ಲ್ಯಾಶ್ ಬೇಡ. ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಹೋಗಬೇಡಿ. ಇಕ್ಕಟ್ಟಾದ ಕೋಣೆಯಲ್ಲಿ ತಿರುಗುವಾಗ ಹಳೆಯ ಪೀಠೋಪಕರಣಕ್ಕೆ ತಗುಲುತ್ತದೆ.

ಕ್ವೇಕರರು ಈಗಲೂ ಅಲ್ಲಿ ಇದ್ದಾರೆಯೇ? ನಮ್ಮಂಥವರು ಹೋಗಿ ಕೂರಬಹುದೇ?
— ನಿವೃತ್ತ ಶಿಕ್ಷಕಿ, ಉಡುಪಿ

ಇದ್ದಾರೆ. ನಾರ್ದರ್ನ್ ಬುಲೆವಾರ್ಡಿನ 137-16ರಲ್ಲಿ 1694ರ ಕ್ವೇಕರ್ ಸಭಾಮನೆ ಇದೆ. ಭಾನುವಾರದ ಬೆಳಗಿನ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಬಹುದು. ವೇದಿಕೆ ಇಲ್ಲ, ಹಾಡಿಲ್ಲ, ಪಾದ್ರಿ ಇಲ್ಲ. ಬೆಂಚಿನ ಮೇಲೆ ಸುಮ್ಮನೆ ಕೂರುವುದು. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳಿ ಕೂರುತ್ತಾರೆ, ಬಾರದಿದ್ದರೆ ಇಡೀ ಹೊತ್ತು ಮೌನ. ಶುರುವಾಗುವುದಕ್ಕೆ ಮುಂಚೆ ಹೋಗಿ, ಫೋನ್ ಪೂರ್ತಿ ಆಫ್ ಮಾಡಿ, ಮಧ್ಯೆ ಏಳಬೇಡಿ. ಹಿಂದಿನ ಸ್ಮಶಾನದಲ್ಲಿ ಹಳೆಯ ಸಮಾಧಿಗಳಿಗೆ ಕಲ್ಲಿಲ್ಲ. ಸತ್ತ ಮೇಲೂ ಒಬ್ಬರು ಮೇಲು ಇನ್ನೊಬ್ಬರು ಕೀಳು ಎಂದು ತೋರಬಾರದೆಂದು ಅವರು ಬಹುಕಾಲ ಕಲ್ಲು ನೆಡುತ್ತಿರಲಿಲ್ಲ.

ಕಂಪನಿಯ ಒಂದು ಪತ್ರದಿಂದ ಧಾರ್ಮಿಕ ಸ್ವಾತಂತ್ರ್ಯ ಬಂತು ಎನ್ನುವುದು ಉತ್ಪ್ರೇಕ್ಷೆಯಲ್ಲವೇ?
— ವಕೀಲರು, ಧಾರವಾಡ

ಹಾಗೆ ಹೇಳಿದರೆ ಉತ್ಪ್ರೇಕ್ಷೆಯೇ. ಪತ್ರ ಓದಿದರೆ ಗೊತ್ತಾಗುತ್ತದೆ. ಕ್ವೇಕರರು ಅಲ್ಲಿ ಇಲ್ಲದಿದ್ದರೇ ಚೆನ್ನ ಎಂದು ಕಂಪನಿಯವರು ಬಾಯಿಬಿಟ್ಟೇ ಹೇಳಿದ್ದಾರೆ. ಆದರೆ ಬಿಗಿ ಮಾಡಿದರೆ ಹೊಸ ಜನ ಬರುವುದಿಲ್ಲ, ವಸಾಹತು ಬೆಳೆಯುವುದಿಲ್ಲ ಎಂಬ ಲೆಕ್ಕ ಅವರದು. ಆದ್ದರಿಂದ ಕಂಡೂ ಕಾಣದಂತಿರು, ನೆರೆಯವರಿಗೆ ತೊಂದರೆ ಕೊಡದೆ, ಸರ್ಕಾರಕ್ಕೆ ಎದುರಾಡದೆ ಇರುವಷ್ಟು ದಿನ ಅವರ ಪಾಡಿಗೆ ಬಿಡು ಎಂದರು. ನಿಮ್ಮ ಕಾನೂನಿನ ಭಾಷೆಯಲ್ಲಿ ಅದು ಸಹನೆ, ಹಕ್ಕಲ್ಲ. ಬರೆದಿಟ್ಟ ಹಕ್ಕಾಗಿ ಅದು ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರ ಮೊದಲ ತಿದ್ದುಪಡಿಯಲ್ಲಿ. 1657ರ ಅರ್ಜಿಯನ್ನು ಅದರ ಪೂರ್ವಜ ಎಂದು ಅಮೆರಿಕನ್ನರು ಗೌರವಿಸುತ್ತಾರೆ. 1957ರಲ್ಲಿ ಮುನ್ನೂರು ವರ್ಷ ತುಂಬಿದಾಗ ಮೂರು ಸೆಂಟಿನ ಅಂಚೆಚೀಟಿಯನ್ನೂ ತಂದರು. ಪೂರ್ವಜ ಎನ್ನುವುದು ಸರಿ, ಒಂದರಿಂದ ಇನ್ನೊಂದು ನೇರವಾಗಿ ಹುಟ್ಟಿತು ಎನ್ನಲಾಗದು.

ಆದರೂ ಪತ್ರವನ್ನು ಹಗುರವಾಗಿ ಕಾಣಬಾರದು. ಅದು ಬಂದ ಮೇಲೆ ಅಡುಗೆಮನೆಯ ಕೂಟಕ್ಕಾಗಿ ಯಾರನ್ನೂ ಹಡಗು ಹತ್ತಿಸಲಿಲ್ಲ. 1672ರಲ್ಲಿ ಕ್ವೇಕರ್ ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ ಇಲ್ಲಿಗೆ ಬಂದಾಗ ಜನ ಮನೆಯಲ್ಲಿ ಹಿಡಿಸದೆ, ಎದುರಿನ ಓಕ್ ಮರಗಳ ಕೆಳಗೆ ಹಗಲುಹೊತ್ತಿನಲ್ಲೇ ಪ್ರವಚನ ನಡೆಯಿತು. ಮರಗಳಿದ್ದ ಜಾಗಕ್ಕೆ ಗುರುತಿನ ಕಲ್ಲು ಇದೆ, ಮನೆಯಿಂದ ಹೊರಬಂದವರು ರಸ್ತೆ ದಾಟಿ ಓದಿಕೊಂಡು ಹೋಗಿ.

ಮೊದಲು ದೇವಸ್ಥಾನವೋ, ಮೊದಲು ಮನೆಯೋ?
— ಓದುಗರು, ದಾವಣಗೆರೆ

ಮನೆಯೇ ಮೊದಲು. ಅಲ್ಲಿ ಸಮಯ ಗೊತ್ತುಮಾಡಿರುತ್ತೀರಿ, ತಪ್ಪಿದರೆ ಮತ್ತೆ ಸಿಗದು. ಒಂದು ಗಂಟೆ ಇಟ್ಟುಕೊಳ್ಳಿ. ಆಮೇಲೆ ಬೌನ್ ಸ್ಟ್ರೀಟಿನಲ್ಲೇ ದಕ್ಷಿಣಕ್ಕೆ ನಡೆದರೆ ಶ್ರೀ ಮಹಾವಲ್ಲಭ ಗಣಪತಿಯ ಗೋಪುರ ಎಡಬಲದ ಮನೆಗಳ ನಡುವೆ ಕಾಣಿಸಿಕೊಳ್ಳುತ್ತದೆ. ಆ ಜಾಗದಲ್ಲಿ ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚ್ ಇತ್ತು. ಗಣಪತಿಯ ಪ್ರತಿಷ್ಠೆ ಆದದ್ದು 1977ರ ಜುಲೈ 4ರಂದು. 2022ರಲ್ಲಿ ಆ ಭಾಗಕ್ಕೆ 'ಗಣೇಶ ಟೆಂಪಲ್ ಸ್ಟ್ರೀಟ್' ಎಂಬ ಫಲಕವೂ ಬಿತ್ತು. ಬೌನ್ ಹೆಸರಿನ ಪಕ್ಕದಲ್ಲೇ ಅದನ್ನೂ ನೋಡುತ್ತೀರಿ. ದರ್ಶನ ಮುಗಿಸಿ ನೆಲಮಾಳಿಗೆಯ ಕ್ಯಾಂಟೀನಿಗೆ ಇಳಿಯಿರಿ. ವಾರಾಂತ್ಯದ ಮಧ್ಯಾಹ್ನ ದೋಸೆಗೆ ಸಾಲು ಉದ್ದವಿರುತ್ತದೆ, ಹಸಿದ ಮಕ್ಕಳಿದ್ದರೆ ಒಬ್ಬರು ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಲಿ.