ನಾಟಕದ ಹೊಗಿಗೆ ವೇಪ್ ಬ್ಯಾಡ್ರಿ

ಹಾವೇರಿ ಕಾಲೇಜಿನ ನಾಟಕದಾಗ ದೆವ್ವ ಬರೋ ದೃಶ್ಯಕ್ಕ ದಟ್ಟ ಹೊಗಿ ಬೇಕು, ಯಾವ ವೇಪ್ (ಇ-ಸಿಗರೇಟ್) ತಗೋಳೂದು ಅಂತ ಕೇಳೀರಿ. ಯಾವುದೂ ಬ್ಯಾಡ್ರಿ. 2019ರ ಕೇಂದ್ರ ಕಾಯ್ದೆ ಪ್ರಕಾರ ಇ-ಸಿಗರೇಟ್ ಮಾರೂದು, ಹೊರಗಿಂದ ತರಿಸೂದು, ಸಂಗ್ರಹಿಸಿ ಇಡೂದು ಎಲ್ಲಾ ಅಪರಾಧ. ಮಾರಿದವರಿಗೆ ಮೊದಲ ಸಲಕ್ಕ 1 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ, ಎರಡೂ ಬೀಳಬಹುದು. ಅದಕ್ಕಿಂತ ಹೆಚ್ಚಾಗಿ, ಹೊಗಿ ಬರಬೇಕಂದ್ರ ಯಾವನೋ ಒಬ್ಬ ಹುಡುಗ ಪರದೆ ಹಿಂದ ಕುಂತು ಅದನ್ನ ಎಳೀಬೇಕಲ್ರಿ. ಅದು ನನಗ ಭಾಳ ಸಂಕಟ ಅನಸ್ತದ.

ಫಾಗ್ ಮಷಿನ್ (ಹೊಗಿ ಬಿಡೂ ಯಂತ್ರ) ಬಾಡಿಗಿಗೆ ತರ್ರಿ. ಹುಬ್ಬಳ್ಯಾಗ ಮದುವಿ ಡಿಜೆ, ಲೈಟಿಂಗ್‌ನವರನ್ನ ಕೇಳ್ರಿ. ವೇಪ್‌ದ್ದೂ ಇದರದ್ದೂ ಕೆಲಸ ಮಾಡೂ ರೀತಿ ಒಂದ: ಗ್ಲೈಕಾಲ್ ಇಲ್ಲಾ ಗ್ಲಿಸರಿನ್ ಕೂಡಿಸಿದ ನೀರು ಬಿಸಿ ಲೋಹಕ್ಕ ತಾಗಿ ಆವಿ ಆಗ್ತದ, ತಂಪು ಗಾಳಿಗೆ ಸಣ್ಣ ಹನಿಯಾಗಿ ಬೆಳ್ಳಗ ಕಾಣ್ತದ. ಮಷಿನ್ ಕಾಯಾಕ ಕೆಲವು ನಿಮಿಷ ಹಿಡೀತದ, ಮೊದಲ ಹಚ್ಚಿಡ್ರಿ. ಅದಕ್ಕಂತನ ಇರೂ ದ್ರವಾನ ಹಾಕ್ರಿ, ಮನ್ಯಾಗಿನ ಎಣ್ಣಿ ಹಾಕಿ ಪ್ರಯೋಗ ಮಾಡಬ್ಯಾಡ್ರಿ. ಮೂತಿ ಮುಂದಿನ ನೆಲ ಜಾರತದ, ಕುಣಿಯೋರಿಗೆ ಹೇಳ್ರಿ. ಹಾಡೋರ ಗಂಟಲ ಒಣಗತದ, ಅವರಿಂದ ದೂರ ಇಡ್ರಿ. ದಮ್ಮಿನ ತ್ರಾಸ ಇದ್ದವರು ಮುಂದಿನ ಸಾಲಿನ್ಯಾಗ ಕುಂದರಬಾರದು.

ಹೊಗಿ ನೆಲದ ಮ್ಯಾಲ ಹರೀಬೇಕಂದ್ರ ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್) ಬೇಕು. ಅದು ಮೈನಸ್ 78 ಡಿಗ್ರಿ ತಂಪು, ಬರೀ ಕೈಲೆ ಮುಟ್ಟಿದ್ರ ಚರ್ಮ ಸುಡತದ. ಅದರ ಕಾರ್ಬನ್ ಡೈಆಕ್ಸೈಡ್ ಅನಿಲ ಕೆಳಗ ತುಂಬಕೋತದ, ಅಲ್ಲಿದ್ದವರಿಗೆ ಉಸಿರು ಕಟ್ಟಬಹುದು. ನೆಲದ ಮ್ಯಾಲ ಮಲಗೋ ಪಾತ್ರ ಇದ್ರ ಡ್ರೈ ಐಸ್ ಬಿಟ್ಟಬಿಡ್ರಿ.