ಕುಂಕುಮ ಕೆಂಪಾಗಿಯೇ ಕಾಣಲಿ

ಪ್ರಶ್ನೆ: ಮೇ ತಿಂಗಳಲ್ಲಿ ಮಗಳ ನಿಶ್ಚಿತಾರ್ಥ. ಛತ್ರ ಬೇಡ, ಅಂಗಳದಲ್ಲೇ ಅಡಿಕೆ ಸೋಗೆಯ ಚಪ್ಪರ ಹಾಕಿಸಿ ಸಂಜೆ ಮಾಡೋಣ ಅಂತಿದ್ದೇವೆ. 150 ಜನ ಆಗಬಹುದು. ಶಾಮಿಯಾನದವರು ನಾಲ್ಕು ಹ್ಯಾಲೊಜೆನ್, ಸುತ್ತ ಪಾರ್ ಲೈಟ್ ಅನ್ನೋ ನೀಲಿ-ನೇರಳೆ ಸ್ಟೇಜ್ ಲೈಟ್ ಹಾಕಿದರೆ ರಿಚ್ ಆಗಿ ಕಾಣುತ್ತೆ ಅನ್ನುತ್ತಾರೆ. ನನಗ್ಯಾಕೋ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
– ಗೃಹಿಣಿ, ಸಾಗರ

ಉತ್ತರ: ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ, ತಾಯೀ. ಲೈಟಿಂಗ್ ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಆರತಕ್ಷತೆಗೆ ನಾನೇ ವೇದಿಕೆ ತುಂಬ ನೀಲಿ ಪಾರ್ ಇಟ್ಟಿದ್ದೆ. ಹುಡುಗಿ ಉಟ್ಟಿದ್ದು ಕೆಂಪು ರೇಷ್ಮೆ. ಆಲ್ಬಂ ಬಂದಾಗ ನೋಡಿದರೆ ಸೀರೆ ಕಪ್ಪಿಟ್ಟಿದೆ, ಹಣೆಯ ಕುಂಕುಮ ಮಸಿ ಬೊಟ್ಟಿನ ಹಾಗಿದೆ. ಅವಳ ಅಮ್ಮ ಒಂದು ಮಾತೂ ಆಡದೆ ಆಲ್ಬಂ ಮುಚ್ಚಿಟ್ಟರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಕೆಂಪು ಕೆಂಪಾಗಿ ಕಾಣಬೇಕಾದರೆ ಮೇಲೆ ಬೀಳುವ ಬೆಳಕಿನಲ್ಲೂ ಕೆಂಪು ಇರಬೇಕು. ಬರೀ ನೀಲಿಯಲ್ಲಿ ಅದು ಎಲ್ಲಿಂದ ಬರಬೇಕು? ನೇರಳೆ ಬೆಳಕಿನಡಿ ಹಸಿರು ಮಾವಿನ ತೋರಣಕ್ಕೂ ಅದೇ ಗತಿ, ಒಣಗಿದ ಎಲೆ ಕಟ್ಟಿದಂತೆ ಕಾಣುತ್ತದೆ.

ಹಾಗಾಗಿ ಬಣ್ಣದ ಲೈಟು ಬೇಡ ಅಂದುಬಿಡಿ. 9 ವ್ಯಾಟಿನ ಎಲ್‌ಇಡಿ ಬಲ್ಬು 20 ತನ್ನಿ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಂತಿರಬೇಕು, ಅದೇ ವಾರ್ಮ್ ವೈಟ್, ಹಳದಿ ಛಾಯೆಯ ಬೆಳಕು. 6500 ಇದ್ದರೆ ವಾಪಸ್ ಕೊಡಿ, ಅದು ಆಸ್ಪತ್ರೆ ವರಾಂಡದ ಬೆಳಕು. ಸಂತೆಯಲ್ಲಿ ಬಿದಿರಿನ ಬುಟ್ಟಿ ಸಿಗುತ್ತವಲ್ಲ, ಒಂದೊಂದು ಬಲ್ಬಿಗೆ ಒಂದೊಂದನ್ನು ಬೋರಲಾಗಿ ಕಟ್ಟಿ, ತಲೆಗೆ ತಾಗದಂತೆ ಎಂಟಡಿ ಎತ್ತರಕ್ಕೆ ಇಳಿಬಿಡಿ. ಬೆಳಕು ಹೊತ್ತಿದ ಕೂಡಲೇ ಹೆಣಿಗೆಯ ನೆರಳು ಸೋಗೆಯ ಮೇಲೆಲ್ಲ ಹರಡುತ್ತದೆ. ಗಾಳಿಗೆ ಬುಟ್ಟಿ ಅಲುಗಿದರೆ ಚಪ್ಪರವೇ ಉಸಿರಾಡಿದ ಹಾಗೆ. ಇದನ್ನು ಎಷ್ಟು ಸಲ ಕಟ್ಟಿದರೂ ಸ್ವಿಚ್ ಹಾಕುವ ಗಳಿಗೆಯಲ್ಲಿ ನನಗೆ ಈಗಲೂ ಖುಷಿಯೇ.

ಹುಡುಗ-ಹುಡುಗಿ ಕೂರುವ ಜಾಗಕ್ಕೆ ಮಾತ್ರ ಬೇರೆ ಬೆಳಕು ಬೇಕು. ನೆತ್ತಿಯ ಮೇಲಿಂದ ಬಿದ್ದರೆ ಕಣ್ಣಿನ ಕೆಳಗೆ ಗುಳಿ ಕಾಣುತ್ತದೆ. ಮುಂದೆ ಎಡಕ್ಕೊಂದು ಬಲಕ್ಕೊಂದು, ತಲೆಗಿಂತ ತುಸು ಎತ್ತರದಲ್ಲಿ 30 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟು, ಅದೂ ವಾರ್ಮ್ ವೈಟೇ. ಅದರ ಮುಂದೆ ಎರಡಡಿ ಬಿಟ್ಟು ಬಿಳಿ ಪಂಚೆ ಕಟ್ಟಿ, ಬೆಳಕು ಸೋಸಿ ಬರಲಿ. ಹ್ಯಾಲೊಜೆನ್ ಮುಂದೆ ಮಾತ್ರ ಬಟ್ಟೆ ಕಟ್ಟಲೇಬೇಡಿ, ಆ ಶಾಖಕ್ಕೆ ಹೊತ್ತಿಕೊಳ್ಳುತ್ತದೆ. ಫೋಟೊಗೆ ಮುಂಚೆ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಲೈಟನ್ನು ಹಿಡಿದು ನೋಡಿ. ಪಟಪಟ ಮಿಟುಕಿದರೆ ವಿಡಿಯೊದಲ್ಲಿ ಕಪ್ಪು ಪಟ್ಟೆ ಬರುತ್ತದೆ, ಬದಲಾಯಿಸಿ.

ಅಂಗಳದಲ್ಲಿ ಹಲಸಿನ ಮರ ಇದ್ದರೆ ಬುಡದಲ್ಲಿ 10 ವ್ಯಾಟಿನ ಎರಡು ಲೈಟು ಮೇಲ್ಮುಖವಾಗಿ ಇಡಿ. ಉಳಿದ ಕಡೆ ಕತ್ತಲು ಇರಲಿ ಬಿಡಿ. ಮೈಸೂರು ಅರಮನೆಯನ್ನೇ ನೆನೆಸಿಕೊಳ್ಳಿ, ಸುಮಾರು ಒಂದು ಲಕ್ಷ ಬಲ್ಬು ಕಮಾನು, ಗೋಪುರದ ಅಂಚು ಹಿಡಿದು ಕೂತಿವೆ. ಸುತ್ತ ಕತ್ತಲಿರುವುದಕ್ಕೇ ಆ ಅಂಚುಗಳಿಗೆ ಅಷ್ಟು ಕಳೆ. ಆರತಿಯ ಹೊತ್ತಿಗೆ ನಿಮ್ಮ ಫ್ಲಡ್ ಲೈಟೂ ಆರಿಸಿ. ದೀಪದ ಬೆಳಕು ಮಗಳ ಮುಖಕ್ಕೆ ಬೀಳುವುದನ್ನು ನೀವೇ ನೋಡುತ್ತೀರಿ.

ಲೆಕ್ಕ ನೋಡಿ: ಎಲ್ಲ ಸೇರಿ 260 ವ್ಯಾಟ್. ನಾಲ್ಕು ಹ್ಯಾಲೊಜೆನ್ ತಲಾ 500 ಅಂದರೂ 2000. ನಿಮ್ಮ ಕಡೆ ಮೇ ತಿಂಗಳ ಗುಡುಗು ಮಳೆಗೆ ಕರೆಂಟು ಹೋಗುವುದು ಹೊಸದಲ್ಲ. 260 ಆದರೆ ಮನೆಯ ಇನ್ವರ್ಟರೇ ಸಾಕು. ಮಳೆ ಬಂದ ಸಂಜೆ ರೆಕ್ಕೆಯ ಗೆದ್ದಲು ಏಳುತ್ತವೆ. ಊಟದ ಪಂಕ್ತಿಯಿಂದ ದೂರ, ಕೊಟ್ಟಿಗೆ ಪಕ್ಕದಲ್ಲಿ ಜೋರಾದ ಬಿಳಿ ಲೈಟು ಒಂದು ಉರಿಸಿಡಿ, ಹೆಚ್ಚಿನವು ಅತ್ತ ಹೋಗುತ್ತವೆ. ಹಳದಿ ಬೆಳಕಿಗೆ ಅವು ಕಡಿಮೆ ಬರುತ್ತವೆ, ಎಲೆ ಮೇಲಿನ ಅನ್ನ ಉಳಿಯುತ್ತದೆ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ವೈರಿನ ಜಾಯಿಂಟು ನೆಲದ ಮೇಲೆ ಬಿಡಬೇಡಿ, ಕಂಬಕ್ಕೆ ಕಟ್ಟಿಸಿ. ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, ಇದೆಯಾ ಅಂತ ಎಲೆಕ್ಟ್ರಿಷಿಯನ್‌ರನ್ನು ಕೇಳಿ, ಟೆಸ್ಟ್ ಬಟನ್ ನಿಮ್ಮೆದುರೇ ಒತ್ತಿಸಿ. ಒದ್ದೆ ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿರುತ್ತವೆ.

ಪ್ರಶ್ನೆ: ಮಗುವಿನ ಮೊದಲ ಹುಟ್ಟುಹಬ್ಬ, ಫ್ಲ್ಯಾಟಿನ ಹಾಲ್‌ನಲ್ಲೇ. ಗ್ಯಾಸ್ ಬಲೂನಿನ ನಡುವೆ ಸೀರಿಯಲ್ ಸೆಟ್ ಹಾಕಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡವೇ ಬೇಡ. ಅಗ್ಗದ ಗ್ಯಾಸ್ ಬಲೂನಿನಲ್ಲಿ ಎಷ್ಟೋ ಸಲ ಇರುವುದು ಹೈಡ್ರೋಜನ್, ಒಂದು ಕಿಡಿ ಸಾಕು. ಪಂಪಿನಿಂದ ಗಾಳಿ ತುಂಬಿದ ಬಲೂನು ಕಟ್ಟಿ, ಸೀರಿಯಲ್ ಸೆಟ್ಟನ್ನು ಬೇರೆ ಗೋಡೆಗೆ, ತೆಳು ಬಿಳಿ ಪರದೆಯ ಹಿಂದೆ ಇಳಿಬಿಡಿ. ಮಿನುಗುವ ಹಾಗೆ ಬಿಡದೆ ಸ್ಥಿರವಾಗಿ ಉರಿಸಿ. ನಾಲ್ಕು ನಿಮಿಷ ಮಿಟುಕಿದರೆ ಒಂದು ವರ್ಷದ ಕೂಸು ಅಳಲು ಶುರು ಮಾಡುತ್ತದೆ.