ಮೊದಲು ಅವರ ಮನೆ ಬಾಗಿಲು ತಟ್ಟಿ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಜಗಳದ್ದೇ. ಚರ್ಚಿನ ಸುಗ್ಗಿ ಹಬ್ಬ ಮುಗಿದು ಮೂರು ತಿಂಗಳಾಯಿತು. ಹರಾಜಿನಲ್ಲಿ ಕುಂಬಳಕಾಯಿ ಯಾರಿಗೆ ಹೋಯಿತು ಅನ್ನುವ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ ಅಂತ ಕಾಣುತ್ತದೆ. ಐದು ಪತ್ರ ಆರಿಸಿದ್ದೇನೆ.

ಪ್ರಶ್ನೆ: ಗಾಯನ ತಂಡದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಸುಗ್ಗಿ ಹಬ್ಬಕ್ಕೆ ನಾನು ಒಬ್ಬಳೇ ಹಾಡಬೇಕಿದ್ದ ಚರಣವನ್ನು ಇನ್ನೊಬ್ಬಳಿಗೆ ಕೊಟ್ಟರು. ಅವಳು ವಾಟ್ಸಾಪ್ ಗುಂಪಿನಲ್ಲಿ ‘ಹೊಸ ದನಿಗೂ ಅವಕಾಶ ಸಿಗಬೇಕಲ್ವಾ’ ಅಂತ ಹಾಕಿ ನಗುವ ಮುಖ ಬೇರೆ ಇಟ್ಟಳು. ಅಂದಿನಿಂದ ಮಾತಿಲ್ಲ. ನಮ್ಮ ಪಾದ್ರಿ ಅಯ್ಯನವರಿಗೆ ಹೇಳಿದೆ, ಸ್ತ್ರೀಯರ ಕೂಟದ ಕಾರ್ಯದರ್ಶಿಗೆ ಹೇಳಿದೆ, ಯಾರೂ ಏನೂ ಮಾಡಲಿಲ್ಲ. ನಾನಂತೂ ಕ್ಷಮಿಸಿಬಿಟ್ಟಿದ್ದೇನೆ. ಆದರೆ ಅವಳ ಮುಖ ನೋಡಲು ಆಗುವುದಿಲ್ಲ. — ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅಯ್ಯನವರಿಗೆ ಹೇಳಿದ್ದೀರಿ, ಕಾರ್ಯದರ್ಶಿಗೆ ಹೇಳಿದ್ದೀರಿ, ಈಗ ನನಗೂ ಹೇಳಿದ್ದೀರಿ. ಅವಳೊಬ್ಬಳಿಗೆ ಬಿಟ್ಟು ಎಲ್ಲರಿಗೂ ಹೇಳಿದ ಹಾಗಾಯಿತು. ಬೈಯುತ್ತಿಲ್ಲ, ನಾವೆಲ್ಲ ಮಾಡುವುದೇ ಇದು.

ಮತ್ತಾಯ 18ರಲ್ಲಿ ಯೇಸು ಹೇಳುವುದು ಸರಿಯಾಗಿ ಇದರ ತಿರುಗುಮುರುಗು. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗು, ನೀವಿಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಸಭೆಯಿಂದ ಶುರು ಮಾಡುತ್ತೇವೆ, ಒಬ್ಬಿಬ್ಬರ ಹತ್ತಿರ ಅತ್ತು ಹಗುರಾಗುತ್ತೇವೆ, ಆಮೇಲೆ ಅವರ ಮನೆಗೆ ಹೋಗುವಷ್ಟು ಬಿಸಿಯೇ ಉಳಿದಿರುವುದಿಲ್ಲ. ಅದಕ್ಕೆ ಕ್ಷಮೆ ಅಂತ ಹೆಸರಿಟ್ಟುಕೊಳ್ಳುತ್ತೇವೆ. ಮುಖ ನೋಡಲು ಆಗದಿದ್ದರೆ ಅದು ಕ್ಷಮೆ ಅಲ್ಲಮ್ಮ, ಸುಮ್ಮನಿರುವುದು ಅಷ್ಟೇ.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ನನ್ನ ತಾಯಿ ತೀರಿಕೊಂಡಾಗ ಮೂವತ್ತು ವರ್ಷದ ಗೆಳೆಯನೊಬ್ಬ ಮಣ್ಣಿಗೂ ಬರಲಿಲ್ಲ, ಒಂದು ಫೋನೂ ಮಾಡಲಿಲ್ಲ. ಎಂಟು ತಿಂಗಳು ಮನಸ್ಸಿನಲ್ಲೇ ಅರೆದೆ. ನಾಲ್ಕು ಜನರ ಹತ್ತಿರ ಅವನ ಬಗ್ಗೆ ಆಡಿಕೊಂಡೂ ಆಯಿತು. ಕೊನೆಗೊಂದು ಶನಿವಾರ ಹೋದೆ. ಅವನು ಅಂಗಳದಲ್ಲಿ ಮೊಮ್ಮಗಳ ಸೈಕಲ್ಲಿನ ಟ್ಯೂಬನ್ನು ಬಕೆಟ್ ನೀರಿಗೆ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಿದ್ದ. ನಾನು ನಿಂತಲ್ಲೇ ಕೇಳಿದೆ, ಅಮ್ಮ ಹೋದಾಗ ಯಾಕೋ ಬರಲಿಲ್ಲ? ಅವನ ಕೈ ನೀರಿನಲ್ಲೇ ನಿಂತಿತು. ‘ಅಮ್ಮ ಹೋದ್ರಾ? ಯಾವಾಗ?’ ಆ ವಾರ ಅವನ ಹೆಂಡತಿ ಬೇರೆ ಊರಿನ ಆಸ್ಪತ್ರೆಯಲ್ಲಿದ್ದಳಂತೆ. ಅವನಿಗೆ ಯಾರೂ ಹೇಳೇ ಇರಲಿಲ್ಲ. ನಾನು ಆಡಿಕೊಂಡ ಆ ನಾಲ್ಕು ಜನರೂ ಹೇಳಿರಲಿಲ್ಲ. ಒಳಗಿಂದ ಬಂದ ಟೀ ಕೆನೆಗಟ್ಟುವವರೆಗೆ ಇಬ್ಬರೂ ಮುಟ್ಟಲಿಲ್ಲ.

ನಿಮ್ಮ ವಿಷಯದಲ್ಲಿ ಆಕೆ ಬೇಕಂತಲೇ ಚುಚ್ಚಿರಬಹುದು, ನನಗೇನು ಗೊತ್ತು. ಹೋಗಿ ಕೇಳುವವರೆಗೆ ನಿಮಗೂ ಗೊತ್ತಿಲ್ಲ. ಹೋಗುವಾಗ ‘ನಿಮಗೆ ಅಹಂಕಾರ’ ಅಂತ ಶುರು ಮಾಡಬೇಡಿ. ‘ಆ ಮೆಸೇಜ್ ಓದಿ ನನಗೆ ಅವಮಾನ ಆಯಿತು, ಆ ರಾತ್ರಿ ನಿದ್ದೆ ಬರಲಿಲ್ಲ’ ಅನ್ನಿ. ಅಹಂಕಾರ ಇಲ್ಲ ಅಂತ ಅವರು ವಾದ ಮಾಡಬಹುದು, ನಿಮಗೆ ನಿದ್ದೆ ಬಂದಿತ್ತು ಅಂತ ಹೇಗೆ ವಾದ ಮಾಡುತ್ತಾರೆ? ದಯವಿಟ್ಟು ಇದನ್ನು ವಾಟ್ಸಾಪ್‌ನಲ್ಲಿ ಮಾಡಬೇಡಿ. ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವುದು ‘ಇಬ್ಬರೇ ಇರುವಾಗ’ ಆಗುವುದಿಲ್ಲ. ಅದು ಸಂಜೆಯೊಳಗೆ ಇನ್ನೊಂದು ಫೋನಿನಲ್ಲಿರುತ್ತದೆ.

ಒಂದು ಸಮಾಧಾನ. ಫಿಲಿಪ್ಪಿ ಸಭೆಯಲ್ಲೂ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರಿಗೆ ಆಗುತ್ತಿರಲಿಲ್ಲ. ಒಂದಾಗಿ ಅಂತ ಅಪೊಸ್ತಲ ಪೌಲ ಆ ಸಭೆಗೆ ಬರೆದ ಪತ್ರದಲ್ಲೇ ಹೆಸರು ಹಿಡಿದು ಕೇಳಿಕೊಂಡ. ಆ ಪತ್ರವನ್ನು ಸಭೆಯ ಮುಂದೆ ಗಟ್ಟಿಯಾಗಿ ಓದಿದಾಗ ಇಬ್ಬರೂ ಎಲ್ಲಿ ಮುಖ ಇಟ್ಟುಕೊಂಡರೋ! ಆದರೆ ತಪ್ಪು ಯಾರದು ಅಂತ ಪೌಲ ಬರೆಯಲಿಲ್ಲ. ಸುವಾರ್ತೆಗಾಗಿ ನನ್ನ ಜೊತೆ ದುಡಿದವರು ಅಂತ ಇಬ್ಬರನ್ನೂ ಹೊಗಳಿದ, ಇವರಿಗೆ ಸಹಾಯ ಮಾಡು ಅಂತ ಇನ್ನೊಬ್ಬನಿಗೆ ಹೇಳಿದ. ಅಯ್ಯನವರ ಕೆಲಸ ಬರುವುದು ಅಲ್ಲಿ, ನೀವು ಹೋಗಿ ಬಂದ ಮೇಲೆ.

ಪ್ರಶ್ನೆ: ಮದುವೆಯಾಗಿ ಆರು ವರ್ಷ. ಜಗಳವಾದರೆ ನನ್ನ ಹೆಂಡತಿ ರಾತ್ರಿ ಹನ್ನೊಂದಕ್ಕೂ ಬಿಡುವುದಿಲ್ಲ. ‘ಸೂರ್ಯ ಮುಳುಗುವುದರೊಳಗೆ ಸಿಟ್ಟು ತೀರಲಿ ಅಂತ ವಾಕ್ಯ ಇದೆ, ಈಗಲೇ ಮಾತಾಡಿ’ ಅನ್ನುತ್ತಾಳೆ. ನನಗೆ ನಿದ್ದೆ ಎಳೆಯುತ್ತಿರುತ್ತದೆ, ಇಲ್ಲದ್ದೆಲ್ಲ ಬಾಯಿಗೆ ಬರುತ್ತದೆ. — ಬೆಂಗಳೂರು

ಉತ್ತರ: ಸೂರ್ಯ ಆರೂವರೆಗೇ ಮುಳುಗಿರುತ್ತಾನೆ, ಆ ಲೆಕ್ಕದಲ್ಲಿ ನೀವಿಬ್ಬರೂ ದಿನಾ ಲೇಟು! ತಮಾಷೆ ಬಿಡಿ. ಎಫೆಸ 4:26ರಲ್ಲಿ ಪೌಲ ‘ಸಿಟ್ಟಾದರೂ ಪಾಪ ಮಾಡಬೇಡಿ’ ಅನ್ನುವಾಗ 4ನೇ ಕೀರ್ತನೆಯನ್ನು ನೆನಪಿಸುತ್ತಿದ್ದಾನೆ. ಅದೇ ಕೀರ್ತನೆಯ ಅದೇ ವಚನ ಮುಂದೆ ಏನನ್ನುತ್ತದೆ ಗೊತ್ತಾ? ಹಾಸಿಗೆಯಲ್ಲಿ ಮನಸ್ಸಿನೊಳಗೇ ಯೋಚಿಸಿಕೊಂಡು ಮೌನವಾಗಿರಿ. ಇದನ್ನು ಹೆಂಡತಿಗೆ ಗೆದ್ದವರ ಹಾಗೆ ಓದಿ ತೋರಿಸಬೇಡಿ, ಇನ್ನೊಂದು ಜಗಳವಾಗುತ್ತದೆ.

ಯೆಹೂದ್ಯರ ಲೆಕ್ಕದಲ್ಲಿ ಸೂರ್ಯ ಮುಳುಗಿದರೆ ದಿನ ಮುಗಿಯಿತು. ಇವತ್ತಿನ ಸಿಟ್ಟು ನಾಳೆಗೆ ಬೇಡ ಅನ್ನುವುದು ಮಾತು. ರಾತ್ರಿಯೇ ತೀರ್ಪಾಗಬೇಕು ಅಂತ ಎಲ್ಲೂ ಇಲ್ಲ. ಆದರೆ ಹೆಂಡತಿಯ ಕಡೆಯೂ ನ್ಯಾಯ ಇದೆ. ನೀವು ‘ಆಮೇಲೆ’ ಅಂದಿದ್ದು ಎಷ್ಟು ಸಲ ನಿಜವಾಗಿ ಬಂದಿದೆ? ಆ ‘ಆಮೇಲೆ’ ಬರುವುದಿಲ್ಲ ಅಂತ ಗೊತ್ತಾಗಿಯೇ ಅವರು ಹನ್ನೊಂದು ಗಂಟೆಗೆ ಹಿಡಿದುಕೊಳ್ಳುವುದು. ಹೊತ್ತು ಹೇಳಿ ಮಲಗಿ: ‘ನಾಳೆ ಕಾಫಿ ಆದಮೇಲೆ, ಮಗು ಏಳುವ ಮೊದಲು.’ ಬೆಳಗ್ಗೆ ನೀವೇ ಮಾತು ಎತ್ತಬೇಕು. ಅವರು ನೆನಪಿಸುವ ಹಾಗಾದರೆ ನೀವು ಸೋತಿರಿ.

ಪ್ರಶ್ನೆ: ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಮನೆ, ತೋಟ ಎಲ್ಲ ಅಣ್ಣಂದಿರ ಕೈಯಲ್ಲಿದೆ. ಕಳೆದ ಮೊಂತಿ ಹಬ್ಬದ (ಮಾತೆ ಮರಿಯಳ ಹುಟ್ಟುಹಬ್ಬದ) ದಿನ ಹೊಸ ಅಕ್ಕಿ ಊಟಕ್ಕೆ ಕರೆದು, ಊಟವಾದ ಮೇಲೆ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರು. ‘ನೀನು ಪ್ರಾರ್ಥನೆ ಮಾಡುವವಳು, ಆಸ್ತಿಗಾಗಿ ಸಂಬಂಧ ಕೆಡಿಸಿಕೊಳ್ತೀಯಾ?’ ಅಂದರು. ಸಹಿ ಹಾಕದೆ ಬಂದೆ. ಈಗ ನಾನೇ ಕೆಟ್ಟವಳು. ಕೋರ್ಟಿಗೆ ಹೋದರೆ ಪಾಪವಾ? — ಉಡುಪಿ ಕಡೆಯ ಓದುಗರು

ಉತ್ತರ: ಸಹಿ ಹಾಕದೆ ಬಂದದ್ದು ಒಳ್ಳೆಯದಾಯಿತು. ಸೆಪ್ಟೆಂಬರ್ 8ರಂದು ಆಶೀರ್ವಾದದ ತೆನೆ ಮನೆಗೆ ತಂದು, ದೂರದೇಶದಲ್ಲಿ ಇರುವ ಮಕ್ಕಳಿಗೂ ನಾಲ್ಕು ಕಾಳು ಕವರಿನಲ್ಲಿ ಕಳಿಸುವ ಜನ ನಾವು. ಯಾರ ಪಾಲೂ ತಪ್ಪಬಾರದು ಅನ್ನುವ ಹಬ್ಬದ ದಿನವೇ ತಂಗಿಯ ಪಾಲು ಬರೆಸಿಕೊಳ್ಳಲು ಹೊರಟರಲ್ಲ!

ಕಾನೂನು ನೇರವಾಗಿದೆ. ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ, ಅದರಲ್ಲಿ ಮಗ ಮಗಳು ಇಬ್ಬರಿಗೂ ಸಮಪಾಲು. ಕೇರಳದ ತಿರುವಾಂಕೂರು ಭಾಗದಲ್ಲಿ ಹಳೆಯ ಕಾನೂನೊಂದು ಮಗಳಿಗೆ ಮಗನ ಪಾಲಿನ ಕಾಲು ಭಾಗ ಇಲ್ಲವೇ 5000 ರೂಪಾಯಿ, ಯಾವುದು ಕಡಿಮೆಯೋ ಅಷ್ಟೇ ಅನ್ನುತ್ತಿತ್ತು. ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದರು. ಅವರ ಎದುರು ನಿಂತವರು ಒಡಹುಟ್ಟಿದವರೇ.

ಬೈಬಲ್ಲಿನಲ್ಲೂ ಇದೆ. ಅರಣ್ಯಕಾಂಡ 27ನೇ ಅಧ್ಯಾಯ ತೆಗೆಯಿರಿ. ಗಂಡು ಸಂತಾನವಿಲ್ಲದೆ ಸತ್ತವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಜನರ ಮುಂದೆ ನಿಂತು ನಮ್ಮಪ್ಪನ ಪಾಲು ನಮಗೆ ಕೊಡಿ ಅಂದರು. ದೇವರು ಸಂಬಂಧ ಕೆಡಿಸಬೇಡಿ ಅನ್ನಲಿಲ್ಲ. ಅವರು ಹೇಳುವುದು ಸರಿ ಅಂದ.

ಕೋರ್ಟಿಗೆ ಹೋಗುವುದು ಪಾಪವಾ ಅಂತಲೂ ಕೇಳಿದ್ದೀರಿ. 1 ಕೊರಿಂಥ 6ನ್ನು ಮನೆಯವರು ಹೇಗೂ ನಿಮ್ಮ ಮುಂದೆ ಹಿಡಿದಿರುತ್ತಾರೆ. ಅಲ್ಲಿ ಪೌಲ ವ್ಯಾಜ್ಯಕ್ಕೆ ಹೋಗುವವರನ್ನು ಬೈಯುತ್ತಾನೆ ನಿಜ, ಸಹೋದರರಿಗೇ ಮೋಸ ಮಾಡುವವರನ್ನೂ ಅದೇ ಉಸಿರಿನಲ್ಲಿ ಬೈಯುತ್ತಾನೆ. ಅಷ್ಟೂ ಓದಿಸಿ. ಮೊದಲು ದೊಡ್ಡಣ್ಣನ ಹತ್ತಿರ ಒಬ್ಬರೇ ಮಾತಾಡಿ, ಆಮೇಲೆ ಎರಡೂ ಕಡೆ ನಂಬುವ ಹಿರಿಯರೊಬ್ಬರನ್ನು ಕೂರಿಸಿ. ಅದೂ ಆಗದಿದ್ದರೆ ವಕೀಲರ ಹತ್ತಿರ ಹೋಗಿ. ನೀವಾಗಿ ಮನಸ್ಸಾರೆ ಬಿಟ್ಟುಕೊಟ್ಟರೆ ಅದು ನಿಮ್ಮಿಷ್ಟ. ನೆಲ ಹಂಚಿಕೊಳ್ಳುವಾಗ ಅಬ್ರಹಾಮ ತನ್ನ ಒಡಹುಟ್ಟಿದವನ ಮಗ ಲೋಟನಿಗೆ ‘ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ’ ಅಂದನಲ್ಲ, ಹಾಗೆ. ಆದರೆ ಅಲ್ಲಿ ಬಿಟ್ಟುಕೊಟ್ಟದ್ದು ದೊಡ್ಡವನು. ಚಿಕ್ಕವನ ಕೈಯಿಂದ ಯಾರೂ ಬರೆಸಿಕೊಳ್ಳಲಿಲ್ಲ.

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾನೆ. ಸಹಿಸಿಕೋ, ಏಳೆಪ್ಪತ್ತು ಸಲ ಕ್ಷಮಿಸು ಅನ್ನುತ್ತಾರೆ. — ಊರೂ ಬೇಡ

ಉತ್ತರ: ಮೇಲೆ ಹೇಳಿದ ‘ಇಬ್ಬರೇ ಇರುವಾಗ ಮಾತಾಡಿ’ ನಿಮಗಲ್ಲ. ನೀವು ಅವನ ಜೊತೆ ಒಬ್ಬರೇ ಇರಲೇಬೇಡಿ. 181 ಮಹಿಳಾ ಸಹಾಯವಾಣಿ, ಜೀವಕ್ಕೆ ಅಪಾಯ ಅನ್ನಿಸಿದರೆ 112. ಮನೆಯಿಂದ ನಿಮ್ಮನ್ನು ಹೊರಹಾಕದ ಹಾಗೆ, ಅವನು ಹತ್ತಿರ ಬರದ ಹಾಗೆ ಆದೇಶ ಕೊಡಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅವಕಾಶ ಇದೆ. ಯೇಸುವಿನ ಕೆನ್ನೆಗೆ ಕಾವಲುಗಾರ ಹೊಡೆದಾಗ ಅವನು ಸುಮ್ಮನಿರಲಿಲ್ಲ, ‘ನನ್ನನ್ನು ಯಾಕೆ ಹೊಡೆದೆ’ ಅಂತ ಕೇಳಿದ, ಯೋಹಾನ 18. ಕ್ಷಮೆಯ ಮಾತು ಆಮೇಲೆ. ಮೊದಲು ಆ ಮನೆಯಿಂದ ಹೊರಗೆ ಬನ್ನಿ.

ಪ್ರಶ್ನೆ: ಒಟ್ಟಿಗೆ ಸುವಾರ್ತೆ ಸಾರುತ್ತಿದ್ದ ಪೌಲ, ಬಾರ್ನಬರೇ ಜಗಳವಾಡಿ ಬೇರೆಯಾದರು. ಇನ್ನು ನಮಗೇನು ಬುದ್ಧಿ ಹೇಳುತ್ತೀರಿ? — ಯುವಕ, ಮೈಸೂರು

ಉತ್ತರ: ಒಳ್ಳೆ ಪ್ರಶ್ನೆ, ಸ್ವಲ್ಪ ಕೊಬ್ಬೂ ಇದೆ! ಜಗಳ ಮಾರ್ಕನ ಮೇಲೆ. ಮೊದಲ ಪ್ರಯಾಣದಲ್ಲಿ ಪಂಫುಲ್ಯದಿಂದಲೇ ಬಿಟ್ಟು ಹೋದ ಹುಡುಗನನ್ನು ಮತ್ತೆ ಕರೆದುಕೊಂಡು ಹೋಗುವುದಿಲ್ಲ ಅಂತ ಪೌಲ, ಹೋಗಲೇಬೇಕು ಅಂತ ಬಾರ್ನಬ. ಬಾರ್ನಬ ಮಾರ್ಕನ ಜೊತೆ ಕುಪ್ರಕ್ಕೆ ಹಡಗು ಹತ್ತಿದ, ಪೌಲ ಸೀಲನನ್ನು ಕರೆದುಕೊಂಡ. ಲೂಕ ಇದನ್ನು ಮುಚ್ಚಿಡದೆ ಬರೆದಿದ್ದಾನೆ, ಅಪೊಸ್ತಲರ ಕೃತ್ಯಗಳು 15. ಒಟ್ಟಿಗೆ ಕೆಲಸ ಆಗದಿದ್ದರೆ ಬೇರೆ ದಾರಿ ಹಿಡಿಯಬಹುದು, ನಾನೇನೂ ಬೇಡ ಅನ್ನುವುದಿಲ್ಲ.

ಆದರೆ ಅಲ್ಲಿಗೇ ಪುಸ್ತಕ ಮುಚ್ಚಬೇಡ. ಮುಂದೆ ಯಾವಾಗಲೋ ಪೌಲ ಸೆರೆಮನೆಯಿಂದ ತಿಮೊಥೆಯನಿಗೆ ಪತ್ರ ಬರೆದು, ಚಳಿಗಾಲಕ್ಕೆ ಮುಂಚೆ ಬಾ ಅಂತ ಕರೆಯುತ್ತಾನೆ. ಬರುವಾಗ ತರಬೇಕಾದ್ದನ್ನು ಒಂದೊಂದಾಗಿ ಹೇಳುತ್ತಾನೆ: ತ್ರೋವದಲ್ಲಿ ಬಿಟ್ಟು ಬಂದ ನನ್ನ ಮೇಲಂಗಿ, ಪುಸ್ತಕಗಳು. ಅದಕ್ಕೂ ಮೊದಲು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ.